ಬೆನ್ನು ಬಗ್ಗದ ಕರ್ನಲ್

ತಗಡಿನ ಗೂಡಿನ ಬಾಗಿಲು ತೆರೆದು ಕರ್ನಲ್ ನಿಕಲ್ಸನ್‌ನನ್ನು ಹೊರಗೆ ಕರೆತರುತ್ತಾರೆ. ಬಿಸಿಲಿಗೆ ಕಾದು ಕೆಂಡವಾಗುವ ಆ ಇಕ್ಕಟ್ಟಿನ ಗೂಡಿಗೆ ಅಲ್ಲಿನವರು ಇಟ್ಟ ಹೆಸರು 'ಒವನ್'. ದಿನಗಟ್ಟಲೆ ಅದರೊಳಗಿದ್ದವನ ಕಣ್ಣಿಗೆ ಬೆಳಕು ಹಿಡಿಸುತ್ತಿಲ್ಲ. ತುಟಿ ಒಣಗಿ ಬಿರಿದಿದೆ. ಜಪಾನಿ ಅಧಿಕಾರಿಯ ಮನೆಯ ಕಡೆಗೆ ಅವನು ನಡೆಯಬೇಕು. ಕಾಲು ಅವನ ಮಾತು ಕೇಳುವುದಿಲ್ಲ. ಮಂಡಿ ಒಂದು ಕಡೆಗೆ ಎಳೆದರೆ ಪಾದ ಇನ್ನೊಂದು ಕಡೆಗೆ ಬೀಳುತ್ತದೆ. ಒಂದು ಹೆಜ್ಜೆ ತಪ್ಪಿದಾಗ ಇಡೀ ದೇಹ ವಾಲುತ್ತದೆ, ಇನ್ನೇನು ಬಿದ್ದ ಅನ್ನುವಷ್ಟರಲ್ಲಿ ಭುಜ ಹಿಂದಕ್ಕೆ ಸರಿದು ಬೆನ್ನು ನೆಟ್ಟಗಾಗುತ್ತದೆ. ಸೊಂಟದಿಂದ ಕೆಳಗೆ ಅವನು ಮುರಿದುಹೋದ ಕೈದಿ, ಸೊಂಟದಿಂದ ಮೇಲೆ ಇನ್ನೂ ಬ್ರಿಟಿಷ್ ಸೇನೆಯ ಅಧಿಕಾರಿ. ಒಂದೇ ಒಂದು ಮಾತಿಲ್ಲದ ಆ ನಡಿಗೆಯಲ್ಲಿ ಒಬ್ಬ ಮನುಷ್ಯನ ಇಡೀ ಸ್ವಭಾವವನ್ನು ಆಲೆಕ್ ಗಿನ್ನೆಸ್ ನಮ್ಮ ಮುಂದೆ ಇಟ್ಟುಬಿಡುತ್ತಾರೆ.

1957ರಲ್ಲಿ ತೆರೆಕಂಡ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಚಿತ್ರವನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಈ ನಡಿಗೆ. ತಮ್ಮ ವೃತ್ತಿಜೀವನದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ಗಿನ್ನೆಸ್ ಕೂಡ ಮುಂದೆ ಹೇಳಿಕೊಂಡರು. ಅದರ ಹಿಂದೆ ಒಂದು ಮನೆಯ ಸಂಕಟವಿತ್ತು. ಅವರ ಮಗ ಮ್ಯಾಥ್ಯೂಗೆ ಹನ್ನೊಂದರ ವಯಸ್ಸಿನಲ್ಲಿ ಪೋಲಿಯೊ ತಗುಲಿತ್ತು. ಚೇತರಿಸಿಕೊಳ್ಳುವ ದಿನಗಳಲ್ಲಿ ಹುಡುಗ ಹೆಜ್ಜೆ ಇಡಲು ಪಡುತ್ತಿದ್ದ ಪಾಡನ್ನು ತಂದೆ ಹತ್ತಿರದಿಂದ ನೋಡಿದ್ದರು. ತಮಗೇ ಅರಿವಿಲ್ಲದಂತೆ ಆ ನಡಿಗೆ ನಿಕಲ್ಸನ್‌ನ ಕಾಲಿಗೆ ಬಂದುಬಿಟ್ಟಿತು ಎಂದು ಗಿನ್ನೆಸ್ ಹೇಳಿದ್ದಾರೆ. ಇದು ಗೊತ್ತಾದ ಮೇಲೆ ಆ ದೃಶ್ಯ ನೋಡುವುದು ನನಗೆ ಇನ್ನಷ್ಟು ಕಷ್ಟವಾಗಿದೆ.

ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಎರಡನೇ ಮಹಾಯುದ್ಧದ ಕಾಲ. ಜಪಾನಿಯರ ಕೈಗೆ ಸಿಕ್ಕ ಬ್ರಿಟಿಷ್ ಸೈನಿಕರ ಒಂದು ತುಕಡಿ ಸಯಾಮಿನ (ಇಂದಿನ ಥಾಯ್ಲೆಂಡ್) ಕಾಡಿನ ಶಿಬಿರಕ್ಕೆ ಬರುತ್ತದೆ. ಬಟ್ಟೆ ಹರಿದಿದೆ, ಬೂಟಿನ ಅಟ್ಟೆ ಕಿತ್ತಿದೆ, ಆದರೂ ಸಾಲು ತಪ್ಪದೆ 'ಕರ್ನಲ್ ಬೋಗಿ' ಕವಾಯತಿನ ಮಟ್ಟನ್ನು ಸಿಳ್ಳೆಯಲ್ಲಿ ನುಡಿಸುತ್ತಾ ಬರುತ್ತಾರೆ. ಅವರ ಮುಖ್ಯಸ್ಥ ನಿಕಲ್ಸನ್. ಶಿಬಿರದ ಒಡೆಯ ಕರ್ನಲ್ ಸೈಟೊ. ಬ್ಯಾಂಕಾಕ್-ರಂಗೂನ್ ರೈಲು ಮಾರ್ಗಕ್ಕಾಗಿ ಕ್ವಾಯ್ ನದಿಗೆ ಸೇತುವೆ ಕಟ್ಟುವ ಹೊಣೆ ಅವನದು. ಅಧಿಕಾರಿಗಳೂ ಸೇರಿದಂತೆ ಎಲ್ಲರೂ ಕೂಲಿ ಕೆಲಸ ಮಾಡಬೇಕು ಎಂದು ಸೈಟೊ ಆಜ್ಞೆ ಮಾಡುತ್ತಾನೆ. ಸೆರೆಸಿಕ್ಕ ಅಧಿಕಾರಿಗಳಿಂದ ಮೈಕೆಲಸ ಮಾಡಿಸುವಂತಿಲ್ಲ ಎನ್ನುವ ಜಿನೀವಾ ಒಪ್ಪಂದದ 27ನೆಯ ವಿಧಿಯನ್ನು ನಿಕಲ್ಸನ್ ಪುಸ್ತಕ ತೆಗೆದು ತೋರಿಸುತ್ತಾನೆ. ಸೈಟೊ ಆ ಪುಸ್ತಕದಿಂದಲೇ ಅವನ ಮುಖಕ್ಕೆ ಹೊಡೆಯುತ್ತಾನೆ.

ಈ ಹೊಡೆತ ಬಿದ್ದಾಗ ಗಿನ್ನೆಸ್ ಏನು ಮಾಡುತ್ತಾರೆ ನೋಡಿ. ಸಿಟ್ಟಿನಿಂದ ಕೆರಳುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಕಚೇರಿಯಲ್ಲಿ ಒಬ್ಬ ಗುಮಾಸ್ತ ಅಸಭ್ಯವಾಗಿ ನಡೆದುಕೊಂಡಾಗ ಹಿರಿಯರೊಬ್ಬರು ತೋರುವ ಬೇಸರದಂಥ ಏನೋ ಒಂದು ಅವರ ಮುಖದ ಮೇಲೆ ಬರುತ್ತದೆ. ಈ ಮನುಷ್ಯನಿಗೆ ನಿಯಮ ಗೊತ್ತಿಲ್ಲವಲ್ಲ ಎಂಬ ಬೇಸರ ಅದು. ನೋವಿಗಿಂತ ನಿಯಮ ತಪ್ಪಿದ್ದು ಅವನನ್ನು ಕಾಡುತ್ತದೆ. ಇಡೀ ಪಾತ್ರದ ಬೀಜ ಇರುವುದು ಇಲ್ಲೇ, ಮತ್ತು ಅದು ಎಂಥ ಅಪಾಯದ ಬೀಜ ಎಂದು ನಮಗೆ ಆಗ ತಿಳಿಯುವುದೇ ಇಲ್ಲ. ನಾವು ಅವನ ಕಡೆಗಿದ್ದೇವೆ. ಮೆಷಿನ್ ಗನ್ ತಂದು ನಿಲ್ಲಿಸಿದಾಗಲೂ ಅಲುಗಾಡದೆ ನಿಂತ ಅಧಿಕಾರಿಗಳ ಸಾಲನ್ನು ನೋಡಿ ಎದೆ ಉಬ್ಬುತ್ತದೆ. ಗೂಡಿನಲ್ಲಿ ಬೇಯುತ್ತಿದ್ದವನನ್ನು ರಾತ್ರಿ ಕರೆಸಿ ಸೈಟೊ ಊಟ, ವಿಸ್ಕಿ ಮುಂದಿಟ್ಟು ರಾಜಿಗೆ ಕರೆದಾಗ ಬೇಡವೆಂದು ವಾಪಸು ಗೂಡಿಗೆ ಹೋಗುವವನ ಬಗ್ಗೆ ಭಕ್ತಿಯೇ ಹುಟ್ಟುತ್ತದೆ.

ಸೈಟೊ ಪಾತ್ರದ ಸೆಸ್ಸೂ ಹಯಾಕಾವ ಅವರನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾಗುತ್ತದೆ. ಮೂಕಿ ಚಿತ್ರಗಳ ಕಾಲದಲ್ಲೇ ಹಾಲಿವುಡ್‌ನಲ್ಲಿ ತಾರೆಯಾಗಿ ಮೆರೆದಿದ್ದ ಈ ಜಪಾನಿ ನಟ, ಇಳಿವಯಸ್ಸಿನಲ್ಲಿ ಬಂದ ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದರು. ರಷ್ಯಾದ ಮೇಲಿನ 1905ರ ವಿಜಯದ ವಾರ್ಷಿಕೋತ್ಸವದ ನೆಪ ಹೇಳಿ ಸೈಟೊ ಕೊನೆಗೆ ಸೋಲೊಪ್ಪಿಕೊಳ್ಳುತ್ತಾನೆ. ಹೊರಗೆ ಕೈದಿಗಳು ತಮ್ಮ ಕರ್ನಲ್‌ನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿರುವಾಗ ಒಳಗೆ ಅವನು ಒಬ್ಬನೇ ಬಿಕ್ಕಿ ಬಿಕ್ಕಿ ಅಳುತ್ತಾನೆ. ಎದುರಾಳಿ ಇಷ್ಟು ಗಟ್ಟಿಯಾಗಿ ನಿಂತಿದ್ದರಿಂದಲೇ ಗಿನ್ನೆಸ್ ಅಷ್ಟು ತಗ್ಗಿದ ದನಿಯಲ್ಲಿ ಆಡಲು ಸಾಧ್ಯವಾಯಿತು.

ಇಲ್ಲಿಗೆ ಒಂದು ಒಳ್ಳೆಯ ಸಾಹಸದ ಚಿತ್ರ ಮುಗಿದಂತೆ. ನಿಜವಾದ ಚಿತ್ರ ಇಲ್ಲಿಂದ ಶುರು.

ಬಿಡುಗಡೆಯಾಗಿ ಬಂದ ನಿಕಲ್ಸನ್ ಸೇತುವೆಯ ಕೆಲಸ ನೋಡಲು ಹೋಗುತ್ತಾನೆ. ತನ್ನ ಸೈನಿಕರು ಬೇಕೆಂದೇ ಕೆಲಸ ಕೆಡಿಸುತ್ತಿದ್ದಾರೆ, ಕಂಬಗಳು ವಾಲುತ್ತಿವೆ. ಶತ್ರುವಿನ ಸೇತುವೆ ಬಿದ್ದರೆ ಒಳ್ಳೆಯದೇ ತಾನೆ? ಅವನಿಗೆ ಹಾಗನಿಸುವುದಿಲ್ಲ. ಶಿಸ್ತು ಹಾಳಾಗಿದೆ, ಸೈನಿಕರು ಸೈನಿಕರಂತಿಲ್ಲ ಎನಿಸುತ್ತದೆ. ಅವರಿಗೊಂದು ಕೆಲಸ ಕೊಡಬೇಕು, ಹೆಮ್ಮೆಪಡುವಂಥ ಕೆಲಸ. ಜಪಾನಿಯರು ಆರಿಸಿದ ಜಾಗ ಸರಿಯಿಲ್ಲವೆಂದು ಬೇರೆ ಜಾಗ ಗೊತ್ತುಮಾಡುತ್ತಾನೆ. ಎಂಜಿನಿಯರ್ ಆದ ಕ್ಯಾಪ್ಟನ್ ರೀವ್ಸ್, ಈ ಕಾಡಿನ ಮರ ಎಲ್ಮ್ ಮರದಂತಿದೆ, ಲಂಡನ್ ಸೇತುವೆಯ ಎಲ್ಮ್ ಕಂಬಗಳು 600 ವರ್ಷ ಬಾಳಿದ್ದವು ಎನ್ನುತ್ತಾನೆ. ಆ ಸಂಖ್ಯೆ ಕೇಳಿದಾಗ ಗಿನ್ನೆಸ್ ಕಣ್ಣಲ್ಲಿ ಒಂದು ಮಿಂಚು ಹಾದುಹೋಗುತ್ತದೆ. 600 ವರ್ಷ! ತಾನು ಸತ್ತ ಮೇಲೂ ಉಳಿಯುವಂಥದ್ದು. ಆ ಕ್ಷಣದಲ್ಲಿ ಅವನು ಯುದ್ಧವನ್ನು ಮರೆತ. ಸೂಕ್ಷ್ಮವಾಗಿ ನೋಡದಿದ್ದರೆ ಅದು ಕಣ್ಣಿಗೇ ಬೀಳದು.

ಈ ಅಭಿನಯವನ್ನು ನಾನು ಇಷ್ಟು ಮೆಚ್ಚಲು ಕಾರಣ ಒಂದೇ. ಚಿತ್ರದ ಮೊದಲರ್ಧದ ವೀರನನ್ನೂ ಎರಡನೆಯ ಅರ್ಧದ ದ್ರೋಹಿಯನ್ನೂ ಗಿನ್ನೆಸ್ ಬೇರೆ ಬೇರೆಯಾಗಿ ಆಡುವುದಿಲ್ಲ. ಅದೇ ನೆಟ್ಟಗಿನ ಬೆನ್ನು, ಕಂಕುಳಲ್ಲಿ ಅದೇ ಬೆತ್ತ, ಅದೇ ಮೃದುವಾದ ದನಿ. ಸಾಧಾರಣ ನಟರಾಗಿದ್ದರೆ ಎಲ್ಲೋ ಒಂದು ಕಡೆ ಕಣ್ಣರಳಿಸಿ, ದನಿಯೇರಿಸಿ, 'ನೋಡಿ, ಇವನಿಗೆ ಹುಚ್ಚು ಹಿಡಿಯುತ್ತಿದೆ' ಎಂದು ನಮಗೆ ಸುಳಿವು ಕೊಡುತ್ತಿದ್ದರು. ಗಿನ್ನೆಸ್ ಕೊಡುವುದಿಲ್ಲ. ನಿಕಲ್ಸನ್ ಬದಲಾಗಲೇ ಇಲ್ಲ, ಅವನು ನಿಂತ ನೆಲ ಬದಲಾಯಿತು ಅಷ್ಟೆ. ಯಾವ ಗುಣಕ್ಕಾಗಿ ಚಪ್ಪಾಳೆ ತಟ್ಟಿದೆವೋ ಅದೇ ಗುಣ ಅವನನ್ನು ಶತ್ರುವಿನ ಕೆಲಸಗಾರನನ್ನಾಗಿ ಮಾಡಿದೆ ಎಂದು ನಾವು ತಡವಾಗಿ ಅರಿಯುತ್ತೇವೆ.

ಕಾಯಿಲೆಯವರ ಗುಡಿಸಲಿನ ದೃಶ್ಯ ಇದಕ್ಕೆ ಸಾಕ್ಷಿ. ಗಡುವು ಹತ್ತಿರವಾಗುತ್ತಿದೆ, ಕೈಗಳು ಸಾಲುತ್ತಿಲ್ಲ. ನಿಕಲ್ಸನ್ ಡಾಕ್ಟರ್ ಕ್ಲಿಪ್ಟನ್ ಬಳಿ ಬರುತ್ತಾನೆ. ಅಧಿಕಾರಿಗಳೂ ತಾವಾಗಿಯೇ ಕೆಲಸಕ್ಕೆ ಇಳಿದಿದ್ದಾರೆ ಎಂದು ಸಹಜವಾಗಿ ಹೇಳುತ್ತಾನೆ. ಯಾವ ವಿಷಯಕ್ಕಾಗಿ ಪ್ರಾಣ ಪಣಕ್ಕಿಟ್ಟಿದ್ದನೋ ಅದನ್ನೇ ಈಗ ಕೈಯಾರೆ ಬಿಟ್ಟುಕೊಟ್ಟಿದ್ದಾನೆ, ಅದು ಅವನ ಗಮನಕ್ಕೇ ಬಂದಂತಿಲ್ಲ. ಆಮೇಲೆ ಹಾಸಿಗೆ ಹಿಡಿದವರ ನಡುವೆ ಸುತ್ತುತ್ತಾನೆ. ಗದರುವುದಿಲ್ಲ, ಹೆದರಿಸುವುದಿಲ್ಲ. ಹಗುರವಾದ ಕೆಲಸ ಏನಾದರೂ ಮಾಡಲು ಆದೀತೇ ಎಂದು ಮನೆಯ ಹಿರಿಯನಂತೆ ಕೇಳುತ್ತಾನೆ. ಅವರು ಏಳುತ್ತಾರೆ. ಕುಂಟುತ್ತಾ ಅವನ ಹಿಂದೆ ಹೊರಡುತ್ತಾರೆ. ಗೂಡಿನಿಂದ ಹೊರಬಂದಾಗ ಅವನದೇ ಕಾಲು ಹೇಗೆ ತಡವರಿಸಿತ್ತು ಎಂದು ನೆನಪಾಗಿ ನನಗೆ ಈ ಸಾಲನ್ನು ನೋಡಲಾಗುವುದಿಲ್ಲ. ಅಂದು ಸೈಟೊ ಕ್ರೌರ್ಯದಿಂದ ಸಾಧಿಸಲಾಗದ್ದನ್ನು ನಿಕಲ್ಸನ್ ಇಂದು ಪ್ರೀತಿಯಿಂದ ಸಾಧಿಸುತ್ತಿದ್ದಾನೆ. ಗಿನ್ನೆಸ್ ಮುಖದಲ್ಲಿರುವುದು ಅಪ್ಪಟ ಕಾಳಜಿ, ಅದರಲ್ಲಿ ಒಂದು ಹನಿ ಕಪಟವೂ ಇಲ್ಲ. ಭಯವಾಗುವುದು ಅದಕ್ಕೇ.

ಇದು ರಾಜದ್ರೋಹ ಆಗುವುದಿಲ್ಲವೇ ಎಂದು ಕ್ಲಿಪ್ಟನ್ ಒಮ್ಮೆ ನೇರವಾಗಿ ಕೇಳುತ್ತಾನೆ. ಸೈಟೊಗೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದರೆ ನೀನು ನಿನ್ನ ಕೆಲಸ ಮಾಡುತ್ತೀಯೋ ಅಥವಾ ಅವನನ್ನು ಸಾಯಲು ಬಿಡುತ್ತೀಯೋ ಎಂದು ನಿಕಲ್ಸನ್ ತಿರುಗಿ ಕೇಳುತ್ತಾನೆ. ಡಾಕ್ಟರನ ಬಳಿ ಉತ್ತರವಿಲ್ಲ. ನಮ್ಮ ಬಳಿಯೂ ಇಲ್ಲ.

ಪಾತ್ರ ಹೀಗೆ ಮೂಡಲು ಒಂದು ದೊಡ್ಡ ಜಗಳವೇ ನಡೆಯಿತು. ಗಿನ್ನೆಸ್ ಮೊದಲು ಈ ಪಾತ್ರವನ್ನು ಒಪ್ಪಿರಲಿಲ್ಲ. 'ಕೈಂಡ್ ಹಾರ್ಟ್ಸ್ ಆಂಡ್ ಕಾರೋನೆಟ್ಸ್', 'ದಿ ಲೇಡಿಕಿಲರ್ಸ್' ಚಿತ್ರಗಳಿಂದ ಜನ ಅವರನ್ನು ಹಾಸ್ಯನಟರೆಂದೇ ಬಲ್ಲವರಾಗಿದ್ದರು. ನಿರ್ಮಾಪಕ ಸ್ಯಾಮ್ ಸ್ಪೀಗಲ್ ಹಿಂದೆಬಿದ್ದು ಒಪ್ಪಿಸಿದರು. ಒಪ್ಪಿದ ಮೇಲೆ ನಿರ್ದೇಶಕ ಡೇವಿಡ್ ಲೀನ್ ಜೊತೆ ತಿಕ್ಕಾಟ ಶುರುವಾಯಿತು. 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್', 'ಆಲಿವರ್ ಟ್ವಿಸ್ಟ್' ಚಿತ್ರಗಳಲ್ಲಿ ಗಿನ್ನೆಸ್ ಅವರನ್ನು ಬೆಳೆಸಿದ್ದವರು ಇದೇ ಲೀನ್. ನಿಕಲ್ಸನ್ ಬೇಸರ ಹುಟ್ಟಿಸುವ ಒಣ ಮನುಷ್ಯನಾಗಿರಬೇಕು ಎಂದು ಲೀನ್, ಅವನಲ್ಲಿ ಸ್ವಲ್ಪ ನಗೆ, ಸ್ವಲ್ಪ ಮಮತೆ ಬೇಕು ಎಂದು ಗಿನ್ನೆಸ್. ಇಬ್ಬರೂ ಪಟ್ಟು ಬಿಡಲಿಲ್ಲ. ನಮಗೆ ಸಿಕ್ಕ ನಿಕಲ್ಸನ್‌ನಲ್ಲಿ ಎರಡೂ ಇವೆ. ನಗಿಸುವವರ ಕೆಲಸದಲ್ಲಿ ಗಿನ್ನೆಸ್ ಕಲಿತ ಅಳತೆ, ಕ್ಷಣ ನೋಡಿ ಮಾತು ಬಿಡುವ ಜಾಣ್ಮೆ, ಇವೆಲ್ಲ ಈ ಗಂಭೀರ ಪಾತ್ರಕ್ಕೆ ಒದಗಿಬಂದವು ಎಂಬುದು ನನ್ನ ನಂಬಿಕೆ. ಅವರಿಗೆ ಸೇನಾ ಜೀವನದ ಅನುಭವವೂ ಇತ್ತು. ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಸೇರಿ, 1943ರ ಸಿಸಿಲಿ ದಾಳಿಯಲ್ಲಿ ಸೈನಿಕರನ್ನು ದಡಕ್ಕಿಳಿಸುವ ಹಡಗೊಂದನ್ನು ನಡೆಸಿದ್ದರು.

ಜಗಳ ಜೋರಾದದ್ದು ಚಿತ್ರದ ಅತ್ಯಂತ ಸುಂದರ ದೃಶ್ಯದ ಬಗ್ಗೆ. ಸೇತುವೆ ಮುಗಿದ ಸಂಜೆ. ನಿಕಲ್ಸನ್ ಅದರ ಮೇಲೆ ನಡೆದಾಡುತ್ತಾನೆ, ಕಟಕಟೆಯ ಮರವನ್ನು ಕೈಯಿಂದ ತಟ್ಟುತ್ತಾನೆ. ಸೈಟೊ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಸುಂದರವಾಗಿದೆ ಎನ್ನುತ್ತಾನೆ. ಸೈಟೊ ಹೇಳಿದ್ದು ಮುಳುಗುತ್ತಿರುವ ಸೂರ್ಯನ ಬಗ್ಗೆಯೋ, ಸೇತುವೆಯ ಬಗ್ಗೆಯೋ. ನಿಕಲ್ಸನ್ ಮಾತ್ರ ಸೇತುವೆಯೆಂದೇ ತಿಳಿದು ಹೌದೆನ್ನುತ್ತಾನೆ. ಆಮೇಲೆ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ನಾಳೆಗೆ ಸೇನೆ ಸೇರಿ 28 ವರ್ಷ. ಅಷ್ಟು ವರ್ಷಗಳಲ್ಲಿ ಊರಿನಲ್ಲಿದ್ದದ್ದು ಹತ್ತು ತಿಂಗಳಿಗಿಂತ ಹೆಚ್ಚಿಲ್ಲ. ಭಾರತ ತನಗೆ ಪ್ರಿಯವಾಗಿತ್ತು ಎನ್ನುತ್ತಾನೆ. ಒಂದು ವಯಸ್ಸಿನಲ್ಲಿ, ಆರಂಭಕ್ಕಿಂತ ಅಂತ್ಯವೇ ಹತ್ತಿರವಿದೆ ಎಂದು ಗೊತ್ತಾಗುತ್ತದೆ. ಬದುಕಿದ್ದರಿಂದ ಯಾರಿಗಾದರೂ ಏನಾದರೂ ಆಯಿತೇ ಎಂಬ ಪ್ರಶ್ನೆ ಏಳುತ್ತದೆ. ಹೀಗೆ ಮಾತಾಡುತ್ತಿರುವಾಗ ಕೈಯಲ್ಲಿದ್ದ ಬೆತ್ತ ಜಾರಿ ನದಿಗೆ ಬೀಳುತ್ತದೆ.

ಇಂಥ ಮಾತುಗಳನ್ನು ಆಡುವಾಗ ಯಾವ ನಟನಾದರೂ ಕ್ಯಾಮೆರಾ ತನ್ನ ಮುಖದ ಮೇಲಿರಲಿ ಎಂದು ಬಯಸುತ್ತಾನೆ. ಲೀನ್ ಇದನ್ನು ಬೆನ್ನ ಹಿಂದಿನಿಂದ ತೆಗೆದರು. ಯಾಕೆಂದು ಗಿನ್ನೆಸ್ ಕೇಳಿದ್ದಕ್ಕೆ ಲೀನ್ ಸಿಟ್ಟಿನಿಂದ ಸಿಡಿದರು. ಈ ವಿಷಯದಲ್ಲಿ ನನ್ನ ಮತ ಲೀನ್ ಕಡೆಗೆ. ಮುಖ ಕಂಡಿದ್ದರೆ ನಾವು ಮುಖವನ್ನು ಓದುತ್ತಿದ್ದೆವು. ಬೆನ್ನು ಮಾತ್ರ ಕಂಡದ್ದರಿಂದ ದನಿಯನ್ನು ಕೇಳಿಸಿಕೊಳ್ಳುತ್ತೇವೆ, ಮತ್ತು ಆ ದನಿಯಲ್ಲಿ ಒಬ್ಬಂಟಿಯಾಗಿ ಮುದುಕನಾದ ಸೈನಿಕನ ಇಡೀ ಬಾಳಿದೆ. ಮನೆ, ಸಂಸಾರದ ಸುದ್ದಿಯೇ ಇಲ್ಲದವನಿಗೆ ಈ ಮರದ ಸೇತುವೆಯೊಂದೇ ಗಳಿಕೆ. ಮಗನ ನಡಿಗೆಯಲ್ಲಿ ಶುರುವಾದ ಪಾತ್ರ ಇಲ್ಲಿ ಬರೀ ಬೆನ್ನಿನಿಂದಲೇ ಮಾತಾಡುತ್ತದೆ. ಈ ಸೇತುವೆಯನ್ನು ಕಟ್ಟಿದವರು ಬ್ರಿಟಿಷ್ ಸೈನಿಕರು ಎಂಬ ಫಲಕವನ್ನು ಅವನು ಹೆಮ್ಮೆಯಿಂದ ಹಾಕಿಸುತ್ತಾನೆ. ಕೆಳಗೆ, ಕತ್ತಲಲ್ಲಿ, ಬ್ರಿಟಿಷ್ ಕಮಾಂಡೊಗಳು ಅದೇ ಸೇತುವೆಯ ಕಂಬಗಳಿಗೆ ಸಿಡಿಮದ್ದು ಕಟ್ಟುತ್ತಾರೆ.

ಬೆಳಗಾದಾಗ ನದಿಯ ನೀರು ಇಳಿದು ಸಿಡಿಮದ್ದಿನ ತಂತಿ ಕಾಣತೊಡಗುತ್ತದೆ. ಅದನ್ನು ಮೊದಲು ಗುರುತಿಸುವವನು ನಿಕಲ್ಸನ್. ಸೈಟೊನನ್ನು ಕರೆದುಕೊಂಡು ದಡದಲ್ಲಿ ತಂತಿಯ ಜಾಡು ಹಿಡಿದು ಹೋಗುತ್ತಾನೆ. ತನ್ನ ಕಡೆಯವನೇ ಆದ ಯುವಕ ಜಾಯ್ಸ್ ಸೈಟೊನನ್ನು ಇರಿದು, ಸೇತುವೆ ಉಡಾಯಿಸಲು ಬಂದವನು ತಾನು ಎಂದು ಹೇಳಿದಾಗ, ಉಡಾಯಿಸುವುದೇ ಎಂದು ನಿಕಲ್ಸನ್ ದಿಗ್ಭ್ರಮೆಯಿಂದ ಕೇಳುತ್ತಾನೆ. ನಂತರ ಕೂಗಿ ಕರೆಯುವುದು ಜಪಾನಿ ಸೈನಿಕರನ್ನು. ಈ ಶಿಬಿರದಿಂದಲೇ ತಪ್ಪಿಸಿಕೊಂಡು ಹೋಗಿದ್ದ ಷಿಯರ್ಸ್ ನದಿ ಈಜಿ ಬಂದು ಗುಂಡೇಟು ತಿಂದು ಎದುರಿಗೆ ಬಿದ್ದಾಗ ಅವನ ಗುರುತು ಸಿಗುತ್ತದೆ. ಆಗ ಗಿನ್ನೆಸ್ ಮುಖವನ್ನು ನೋಡಬೇಕು. ತಿಂಗಳುಗಳಿಂದ ಮುಚ್ಚಿದ್ದ ಬಾಗಿಲು ತೆರೆದುಕೊಂಡ ಹಾಗೆ ಅರಿವು ಒಳಬರುತ್ತದೆ. ನಾನೇನು ಮಾಡಿಬಿಟ್ಟೆ ಎಂಬ ಮಾತನ್ನು ಅವರು ತಮಗೆ ತಾವೇ ಕೇಳಿಕೊಳ್ಳುವಷ್ಟು ಸಣ್ಣ ದನಿಯಲ್ಲಿ ಆಡುತ್ತಾರೆ. ಮದ್ದಿನ ಗುಂಡು ಸಿಡಿದು ಗಾಯಗೊಂಡ ನಿಕಲ್ಸನ್, ತಡವರಿಸುತ್ತಾ ಬಂದು ಸ್ಫೋಟದ ಹಿಡಿಕೆಯ ಮೇಲೆ ಬೀಳುತ್ತಾನೆ. ಬೇಕೆಂದೇ ಬಿದ್ದನೋ, ಪ್ರಾಣ ಹೋಗುವಾಗ ಅಲ್ಲಿಗೆ ಕುಸಿದನೋ? ಗಿನ್ನೆಸ್ ಎರಡಕ್ಕೂ ಜಾಗ ಬಿಟ್ಟಿದ್ದಾರೆ. ಕೊನೆಯ ಹೆಜ್ಜೆಗಳಲ್ಲಿ ಒಂದು ಗಮ್ಯವಿದೆ ಎಂದೇ ನನಗೆ ಕಾಣುತ್ತದೆ. ಒಪ್ಪದವರು ಬಹಳ ಮಂದಿ ಇದ್ದಾರೆ.

ರನ್ನನ 'ಗದಾಯುದ್ಧ' ಓದಿದ ಕನ್ನಡಿಗರಿಗೆ ಇಂಥ ಪಾತ್ರ ದೂರದ್ದಲ್ಲ. ಹೆಣಗಳ ರಾಶಿಯ ನಡುವೆ ಎಡವುತ್ತಾ ನಡೆಯುವ ದುರ್ಯೋಧನನ ಛಲ ತಪ್ಪೆಂದು ಗೊತ್ತಿದ್ದೂ ನಾವು ಅವನಿಗಾಗಿ ಮರುಗುತ್ತೇವೆ. ನಮ್ಮ ಯುದ್ಧದ ಸಿನಿಮಾಗಳಲ್ಲಿ ಸೈನಿಕ ಸಾಮಾನ್ಯವಾಗಿ ತ್ಯಾಗಮೂರ್ತಿ. 1990ರ 'ಮುತ್ತಿನ ಹಾರ'ದಲ್ಲಿ ವಿಷ್ಣುವರ್ಧನ್ ಆಡಿದ ಕೊಡಗಿನ ಯೋಧ ಅಚ್ಚಪ್ಪ ಆ ಸಾಲಿನಲ್ಲಿ ಶ್ರೇಷ್ಠ. ತನ್ನ ಒಳ್ಳೆಯತನದಿಂದಲೇ ಹಾಳಾಗುವ ಸೈನಿಕನ ಪಾತ್ರವನ್ನು ನಮ್ಮ ನಟರಿಗೆ ಯಾರಾದರೂ ಬರೆದುಕೊಡಬೇಕು.

ಇತಿಹಾಸದ ಮಾತನ್ನೂ ಹೇಳಲೇಬೇಕು. ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿ.ಮೀ. ರೈಲು ಮಾರ್ಗವನ್ನು ಜಪಾನಿಯರು 1942-43ರಲ್ಲಿ ಕಟ್ಟಿಸಿದ್ದು ನಿಜ. 60,000ಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲಿ ದುಡಿದರು, 12,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಸತ್ತವರು ಏಷ್ಯಾದ ಕೂಲಿಗಳು: ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳರು, ಬರ್ಮಾದವರು, ಜಾವಾದವರು. ಚಿತ್ರದಲ್ಲಿ ಅವರ ದುಡಿಮೆಗೆ ಜಾಗವಿಲ್ಲ. ಅದು ನನಗೆ ನೋವಿನ ವಿಷಯ. ಸೇತುವೆಯ ಬಳಿಯ ಶಿಬಿರದಲ್ಲಿದ್ದ ನಿಜವಾದ ಬ್ರಿಟಿಷ್ ಅಧಿಕಾರಿ ಫಿಲಿಪ್ ಟೂಸಿ ತಮ್ಮವರ ಪ್ರಾಣ ಉಳಿಸಲು ಶ್ರಮಿಸಿದವರು. ಅವರ ಕೈದಿಗಳು ಮರದ ಕಂಬಗಳಿಗೆ ಗೆದ್ದಲು ತಂದು ಬಿಡುತ್ತಿದ್ದರು. ನಿಕಲ್ಸನ್‌ನನ್ನು ನೋಡಿ ಬದುಕುಳಿದ ಕೈದಿಗಳು ನೊಂದುಕೊಂಡರು, ಅದರಲ್ಲಿ ನ್ಯಾಯವಿದೆ. ನಿಕಲ್ಸನ್ ಫ್ರೆಂಚ್ ಲೇಖಕ ಪಿಯರ್ ಬೂಲ್ 1952ರ ಕಾದಂಬರಿಯಲ್ಲಿ ಕಲ್ಪಿಸಿದ ವ್ಯಕ್ತಿ. ಆ ಕಾದಂಬರಿಯಲ್ಲಿ ಸೇತುವೆ ಬೀಳುವುದೇ ಇಲ್ಲ. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್ ಕಮ್ಯುನಿಸ್ಟರೆಂಬ ಆರೋಪದಿಂದ ಹಾಲಿವುಡ್‌ನ ಕಪ್ಪುಪಟ್ಟಿಯಲ್ಲಿದ್ದರು. ಹಾಗಾಗಿ ಅವರ ಆಸ್ಕರ್ ಬೂಲ್ ಹೆಸರಿಗೆ ಹೋಯಿತು. ತಪ್ಪು ಸರಿಪಡಿಸುವ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು.

ಚಿತ್ರೀಕರಣ ನಡೆದದ್ದು ಸಿಲೋನಿನ ಕಿತುಲ್ಗಲ ಎಂಬಲ್ಲಿ, ಕೆಲನಿ ನದಿಯ ಮೇಲೆ. ನಿಜವಾದ ಮರದ ಸೇತುವೆಯನ್ನೇ ಕಟ್ಟಿ, 1957ರ ಮಾರ್ಚ್‌ನಲ್ಲಿ ನಿಜವಾದ ರೈಲಿನೊಂದಿಗೆ ಅದನ್ನು ಉಡಾಯಿಸಿದರು. ಚಿತ್ರಕ್ಕೆ ಏಳು ಆಸ್ಕರ್ ಬಂದವು, ಒಂದು ಗಿನ್ನೆಸ್ ಅವರದು. 1983-84ರಲ್ಲಿ ಲೀನ್ ತಮ್ಮ ಕೊನೆಯ ಚಿತ್ರ 'ಎ ಪ್ಯಾಸೇಜ್ ಟು ಇಂಡಿಯಾ'ವನ್ನು ಬೆಂಗಳೂರು, ಸಾವನದುರ್ಗ, ರಾಮನಗರದ ಸುತ್ತಮುತ್ತ ತೆಗೆದಾಗ ಗಿನ್ನೆಸ್ ಪ್ರೊಫೆಸರ್ ಗೋಡ್ಬೋಲೆಯಾಗಿ ನಮ್ಮ ನಡುವೆ ಇದ್ದರು. ಆ ಪಾತ್ರ ಅವರಿಗೆ ಹೊಂದಲಿಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡ ಬ್ರಿಟಿಷ್ ನಟನಿಂದ ಅದನ್ನು ಆಡಿಸಬಾರದಿತ್ತು. ಅದು ಅವರಿಬ್ಬರೂ ಕೂಡಿ ಮಾಡಿದ ಆರನೆಯ ಮತ್ತು ಕಡೆಯ ಚಿತ್ರ.

ಗಿನ್ನೆಸ್ ಎಂದೊಡನೆ ಇಂದಿನ ಹುಡುಗರಿಗೆ ನೆನಪಾಗುವುದು 'ಸ್ಟಾರ್ ವಾರ್ಸ್'ನ ಗಡ್ಡದ ಮುದುಕ. ಅವರನ್ನು ಅಷ್ಟಕ್ಕೇ ಬಿಡಬೇಡಿ. 'ಕ್ವಾಯ್' ಚಿತ್ರದ ಅವಧಿ 2 ಗಂಟೆ 41 ನಿಮಿಷ. ಒಂದು ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು, ಸಾಧ್ಯವಾದಷ್ಟು ದೊಡ್ಡ ಪರದೆಯ ಮೇಲೆ, ಒಂದೇ ಪಟ್ಟಿಗೆ ಕುಳಿತು ನೋಡಿ. ಯುದ್ಧದ ಚಿತ್ರಗಳಲ್ಲಿ ನಾನು ನೋಡಿದ ಅಭಿನಯಗಳ ಪೈಕಿ ಇದಕ್ಕಿಂತ ಮೇಲಾದದ್ದು ಇನ್ನೊಂದಿಲ್ಲ.